ಹಡಗಿನಲ್ಲಿ ಇಸ್ತ್ರಿ ಪೆಟ್ಟಿಗೆ ಇಲ್ಲ: ಕ್ರೂಸ್‌ಗೆ ಹೊರಟವರು ಬಟ್ಟೆ ಸುಕ್ಕಾಗದಂತೆ ಒಯ್ಯುವ ಬಗೆ

"ಅಲ್ಲವಾ, ಇಸ್ತ್ರಿ ಪೆಟ್ಟಿಗಿ ಗೇಟಿನಾಗೇ ಇಸ್ಕೊಂಡ್ರು. ಸೀರಿ ತಗದು ನೋಡಿದ್ರ ಎಲ್ಲಾ ಮುದ್ದಿ ಆಗ್ಯಾವು. ರಾತ್ರಿ ಊಟಕ್ಕ ಏನ್ ಉಡ್ಲಿ ಹೇಳು?"

ಸಿರುಗುಪ್ಪದ ಚಿಕ್ಕಮ್ಮ ಮುಂಬೈಯಲ್ಲಿ ಹಡಗು ಹತ್ತಿದ ದಿನ ಮಾಡಿದ ಫೋನ್ ಇದು. ಆಮೇಲೆ ಕೊಪ್ಪಳದ ಗೆಳತಿ, ರಾಯಚೂರಿನ ನಮ್ಮ ಬೀಗರು, ಬಳ್ಳಾರಿಯಲ್ಲೇ ನಮ್ಮ ಓಣಿಯ ಮೇಷ್ಟ್ರ ಮನೆಯವರು, ಎಲ್ಲರ ಬಾಯಲ್ಲೂ ಇದೇ ಮಾತು. ಬಟ್ಟೆಗಳನ್ನು ಅವರೆಲ್ಲ ಹೊರಡುವ ಮುಂಚೆ ಚೆನ್ನಾಗಿಯೇ ಇಸ್ತ್ರಿ ಮಾಡಿಸಿದ್ದರು. ಕೂತು ಒಬ್ಬೊಬ್ಬರನ್ನೂ ಕೇಳಿದಾಗ ಗೊತ್ತಾಗಿದ್ದು: ಎಡವಿದ್ದು ಎರಡೇ ಕಡೆ. ಇಸ್ತ್ರಿ ಆದ ಮೇಲಿನ ಎರಡು ಗಂಟೆ, ಮತ್ತೆ ಕ್ಯಾಬಿನ್‌ಗೆ ಬ್ಯಾಗು ಬಂದ ಮೇಲಿನ ಅರ್ಧ ಗಂಟೆ. ಅದಕ್ಕೇ ಈ ಬರಹದಲ್ಲಿ ಕ್ರಮಕ್ಕೆ ಹೆಚ್ಚು ಒತ್ತು ಕೊಟ್ಟಿದ್ದೇನೆ. ಹಂತ ಹಿಂದುಮುಂದಾದರೆ ಎಷ್ಟು ನಾಜೂಕಾಗಿ ಮಡಚಿದರೂ ಕೆಲಸ ಕೆಡುತ್ತದೆ.

ಒಂದು ವಿಷಯ ಮೊದಲೇ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಹತ್ತಿ ನೀರು ಹೀರುವ ನಾರು. ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಸಾಧಾರಣ ಹವೆಯಲ್ಲಿ ತೂಕದ ಶೇ 7ರಿಂದ 8ರಷ್ಟು ತೇವ ಅದರೊಳಗೆ ಇದ್ದೇ ಇರುತ್ತದೆ. ರೇಷ್ಮೆಯಲ್ಲಿ ಶೇ 11ರ ಆಸುಪಾಸು, ರಯಾನ್‌ನಲ್ಲಿ ಇನ್ನೂ ತುಸು ಹೆಚ್ಚು, ಪಾಲಿಯೆಸ್ಟರ್‌ನಲ್ಲಿ ಶೇ 0.4 ಮಾತ್ರ. ತೇವ ಸೇರಿದಾಗ ನಾರಿನ ಒಳಗಿನ ಹಿಡಿತ ಸಡಿಲಾಗುತ್ತದೆ. ಆರಿದಾಗ ಬಟ್ಟೆ ಯಾವ ಆಕಾರದಲ್ಲಿತ್ತೋ ಅದೇ ಆಕಾರದಲ್ಲಿ ಮತ್ತೆ ಬಿಗಿಯುತ್ತದೆ. ಇಸ್ತ್ರಿ ಕೂರುವುದೂ ಹೀಗೆ, ಸುಕ್ಕು ಕೂರುವುದೂ ಹೀಗೆ. ನಮ್ಮ ಬಳ್ಳಾರಿ, ರಾಯಚೂರಿನ ಒಣ ಹವೆಯಲ್ಲಿ ಗರಿಗರಿಯಾಗಿದ್ದ ಬಟ್ಟೆ ಸಮುದ್ರದ ತೇವದ ಗಾಳಿಗೆ ಹೋದ ಕೂಡಲೇ ನೀರು ಹೀರಲು ಶುರು ಮಾಡುತ್ತದೆ. ಆ ಹೊತ್ತಿನಲ್ಲಿ ಅದು ಬ್ಯಾಗಿನೊಳಗೆ ಅಮುಕಿಕೊಂಡಿದ್ದರೆ ಆ ಅಮುಕು ಹಾಗೇ ಉಳಿಯುತ್ತದೆ.

1. ಏನು ಒಯ್ಯಬಾರದು ಅಂತ ಮೊದಲು ನೋಡಿ

ಕ್ರೂಸ್ ಹಡಗುಗಳಲ್ಲಿ ಬೆಂಕಿಯ ಭಯ ಎಲ್ಲಕ್ಕಿಂತ ದೊಡ್ಡದು. ಹಾಗಾಗಿ ಇಸ್ತ್ರಿ ಪೆಟ್ಟಿಗೆ, ಕೈಯಲ್ಲಿ ಹಿಡಿಯುವ ಬಟ್ಟೆ ಸ್ಟೀಮರ್, ನೀರು ಕಾಯಿಸುವ ಕಾಯಿಲ್, ಮೇಣದಬತ್ತಿ ಇವುಗಳನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಬ್ಯಾಗು ಸ್ಕ್ಯಾನ್ ಆಗುವಾಗ ಕಂಡರೆ ತೆಗೆದಿಟ್ಟುಕೊಳ್ಳುತ್ತಾರೆ. ಸರ್ಜ್ ಪ್ರೊಟೆಕ್ಟರ್ (ಕರೆಂಟಿನ ಏರಿಳಿತ ತಡೆಯುವ ಸಾಧನ) ಇರುವ ಎಕ್ಸ್‌ಟೆನ್ಶನ್ ಬೋರ್ಡಿಗೂ ಬಹಳಷ್ಟು ಹಡಗುಗಳಲ್ಲಿ ಇದೇ ಗತಿ. "ಚಿಕ್ಕದು, ಟ್ರಾವೆಲ್ ಇಸ್ತ್ರಿ" ಅಂತ ಅಂಗಡಿಯವರು ಹೇಳಿದರೂ ಕೊಳ್ಳಬೇಡಿ.

ಟಿಕೆಟ್ ಜೊತೆ ಬರುವ ನಿಷೇಧಿತ ವಸ್ತುಗಳ ಪಟ್ಟಿಯನ್ನು ಪೂರ್ತಿ ಓದಿ. ಹೇರ್ ಡ್ರೈಯರ್, ಕೂದಲು ನೇರ ಮಾಡುವ ಸ್ಟ್ರೈಟ್ನರ್ ಬಹುತೇಕ ಕಡೆ ಒಯ್ಯಬಹುದು. ನಿಮ್ಮ ಹಡಗಿನ ನಿಯಮವನ್ನು ಮಾತ್ರ ಕೇಳಿ ಖಚಿತ ಮಾಡಿಕೊಳ್ಳಿ. ಅನೇಕ ಹಡಗುಗಳಲ್ಲಿ ಪ್ಲಗ್ಗಿನ ತೂತು ನಮ್ಮ ಮೂರು ಪಿನ್ನಿನದಲ್ಲ. ಎರಡು ಚಪ್ಪಟೆ ಪಿನ್ನಿನ 110 ವೋಲ್ಟ್, ಎರಡು ದುಂಡು ಪಿನ್ನಿನ 220 ವೋಲ್ಟ್ ಎರಡೂ ಇರುತ್ತವೆ. ಸಾದಾ ಅಡಾಪ್ಟರ್ ಒಂದು ಬೇಕು.

ಜೊತೆಗೆ ಇಷ್ಟು ಸಾಮಾನು ಸಾಕು: ತುಂತುರು ಬಾಟಲಿ (100 ಮಿ.ಲೀ.ದು, ವಿಮಾನದ ಕೈಚೀಲಕ್ಕೂ ನಡೆಯುತ್ತದೆ), ಮನೆಯ ಐದಾರು ತೆಳು ಹ್ಯಾಂಗರ್, ಡ್ರೈ ಕ್ಲೀನಿಂಗ್ ಅಂಗಡಿಯವರು ಹಾಕಿಕೊಡುವ ತೆಳು ಪ್ಲಾಸ್ಟಿಕ್ ಕವರ್‌ಗಳು, ಎರಡು ಹಳೆಯ ಮೆತ್ತನೆಯ ಪಂಚೆ, ನಾಲ್ಕು ಆಯಸ್ಕಾಂತದ ಹುಕ್. ಕ್ಯಾಬಿನ್ನಿನ ಗೋಡೆ ಸಾಮಾನ್ಯವಾಗಿ ಉಕ್ಕಿನದು, ಹುಕ್ ಅಂಟಿಕೊಳ್ಳುತ್ತದೆ.

2. ಬಟ್ಟೆ ಆರಿಸಿ: ಮುಷ್ಟಿಯ ಪರೀಕ್ಷೆ

ಬಟ್ಟೆಯ ಒಂದು ಮೂಲೆ ಹಿಡಿದು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ, ಹದಿನೈದು ಎಣಿಸಿ, ಬಿಡಿ. ಬಿಟ್ಟ ಮೇಲೆ ಇನ್ನೊಂದು ಹದಿನೈದು ಎಣಿಸಿ ನೋಡಿ. ಗೆರೆ ತಾನಾಗಿ ಕರಗುತ್ತಿದ್ದರೆ ಆ ಬಟ್ಟೆ ಬರಲಿ. ಕಾಗದ ಮುದುರಿದ ಹಾಗೆ ಉಳಿದರೆ ಮನೆಯಲ್ಲಿರಲಿ. ಬಳ್ಳಾರಿಯ ಬೆಂಗಳೂರು ರಸ್ತೆಯ ಬಟ್ಟೆ ಅಂಗಡಿಯಲ್ಲಿ ಹೊಸದು ಕೊಳ್ಳುವಾಗಲೂ ಇದನ್ನೇ ಮಾಡಿ, ಅಂಗಡಿಯವರು ಏನೂ ಅಂದುಕೊಳ್ಳುವುದಿಲ್ಲ.

ಲಿನನ್, ಶುದ್ಧ ಹತ್ತಿಯ ತೆಳು ಶರ್ಟು, ಖಾದಿ ಈ ಪರೀಕ್ಷೆಯಲ್ಲಿ ಸೋಲುತ್ತವೆ. ಹತ್ತಿ-ಪಾಲಿಯೆಸ್ಟರ್ ಮಿಶ್ರಣ, ಹೆಣೆದ ಬಟ್ಟೆ (ಟೀ ಶರ್ಟು, ಲೆಗ್ಗಿಂಗ್), ಜಾರ್ಜೆಟ್, ತುಸು ಹಿಗ್ಗುವ ಡೆನಿಮ್ ಗೆಲ್ಲುತ್ತವೆ. ಜೀನ್ಸ್ ಹೊಲಿಯುವ ಊರಿನವರು ನಾವು, ಒಳ್ಳೆಯ ಡೆನಿಮ್ ಹುಡುಕಲು ದೂರ ಹೋಗಬೇಕಿಲ್ಲ. ಗಂಡಸರಿಗೆ ಎರಡು ರಾತ್ರಿಯ ಊಟಕ್ಕೆ ಗಾಢ ಬಣ್ಣದ ಡೆನಿಮ್ ಮತ್ತು ಮಿಶ್ರ ನೂಲಿನ ಶರ್ಟು ಧಾರಾಳವಾಗಿ ಸಾಕು. ಗಾಢ ಬಣ್ಣ, ಸಣ್ಣ ಅಚ್ಚಿನ ಚಿತ್ತಾರ ಇದ್ದರೆ ಬಿದ್ದ ಸುಕ್ಕೂ ಎದ್ದು ಕಾಣುವುದಿಲ್ಲ.

ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುವ ಪ್ರವಾಸಗಳು ಸಾಮಾನ್ಯವಾಗಿ ಎರಡರಿಂದ ಐದು ರಾತ್ರಿಯವು. ಅದಕ್ಕೆ ಹತ್ತು ಜೊತೆ ಬೇಡ. ಬ್ಯಾಗು ಬಿಗಿದಷ್ಟೂ ಸುಕ್ಕು ಹೆಚ್ಚು.

3. ಒಗೆಯುವಾಗ ಗಂಜಿ ಕಡಿಮೆ ಮಾಡಿ

ನಮ್ಮ ಕಡೆ ಹತ್ತಿ ಸೀರೆಗೆ ಗಂಜಿ ಹಾಕದಿದ್ದರೆ ಉಟ್ಟಂತೆಯೇ ಅನ್ನಿಸುವುದಿಲ್ಲ. ಊರಲ್ಲಿ ಅದು ಸರಿ, ಹಡಗಿಗೆ ಸರಿಯಲ್ಲ. ಗಂಜಿಯ ಬಟ್ಟೆ ಮಡಿಕೆಯ ಜಾಗದಲ್ಲಿ ಬಾಗುವುದಿಲ್ಲ, ಮುರಿಯುತ್ತದೆ. ಮುರಿದ ಗೆರೆ ಕೈಯಿಂದ ತೀಡಿದರೆ ಹೋಗುವುದಿಲ್ಲ. ಸಮುದ್ರದ ಹವೆಗೆ ಗಂಜಿ ಮೆತ್ತಗಾಗಿ ಸೀರೆ ಜೋಲುತ್ತದೆ, ಗೆರೆ ಮಾತ್ರ ಹಾಗೇ ನಿಲ್ಲುತ್ತದೆ. ಎರಡೂ ಕಡೆಯಿಂದ ನಷ್ಟ.

ಹೊರಡುವ ಐದು ದಿನ ಮುಂಚೆ ಗಂಜಿ ಬಿಡುವಂತೆ ಒಗೆಯಿರಿ. ಕೊನೆಯ ನೀರಿಗೆ ಫ್ಯಾಬ್ರಿಕ್ ಕಂಡಿಷನರ್ ಹಾಕಿ. ಬೋರಿನ ಸವಳು ನೀರಾದರೆ ಕೊನೆಯ ಒಂದು ಸಲವಾದರೂ ಸಿಹಿ ನೀರಲ್ಲಿ ಜಾಲಿಸಿ. ಉಪ್ಪು ಉಳಿದ ಬಟ್ಟೆ ಬಿರುಸಾಗುತ್ತದೆ, ಬೇಗ ಮುದುರುತ್ತದೆ.

4. ಇಸ್ತ್ರಿ ಮಾಡಿಸಿ, ಆಮೇಲೆ ಮುಟ್ಟಬೇಡಿ

ಹೆಚ್ಚು ಜನ ಎಡವುವುದು ಇಲ್ಲೇ. ನಾನೂ ಮೊದಲ ಸಲ ಇಲ್ಲೇ ತಪ್ಪಿದೆ. ಸಂಜೆ ರೈಲು, ಮಧ್ಯಾಹ್ನ ಇಸ್ತ್ರಿ ಅಂಗಡಿಯಿಂದ ತಂದ ಬಟ್ಟೆಯ ಅಟ್ಟಿಯನ್ನು ಬಿಸಿ ಆರುವ ಮುಂಚೆಯೇ ಟ್ರಾಲಿಗೆ ಇಟ್ಟು ಜಿಪ್ ಎಳೆದೆ. ಮುಂಬೈಯಲ್ಲಿ ತೆಗೆದಾಗ ನಮ್ಮ ಯಜಮಾನರ ಬಿಳಿ ಶರ್ಟಿನ ಎದೆಯ ಮೇಲೆ ಬಾಚಣಿಗೆಯಿಂದ ಗೀರಿದ ಹಾಗೆ ಏಳೆಂಟು ಗೆರೆ. ಇಡೀ ಪ್ರವಾಸ ಅವು ಹೋಗಲಿಲ್ಲ. ಬಿಸಿ ಮತ್ತು ಹಬೆಯ ತೇವ ಎರಡೂ ಇದ್ದಾಗಲೇ ಮಡಚಿಟ್ಟರೆ ಆ ಮಡಿಕೆಯ ಮೇಲೇ ಇಸ್ತ್ರಿ ಮಾಡಿದಂತೆ.

ಹಾಗಾಗಿ ಹೊರಡುವ ಹಿಂದಿನ ದಿನವೇ ಇಸ್ತ್ರಿ ಆಗಲಿ. ಇಸ್ತ್ರಿ ಬಂಡಿಯವರು ಅಭ್ಯಾಸದಂತೆ ಶರ್ಟನ್ನು ಚಿಕ್ಕ ಚೌಕ ಮಾಡಿ ಅಟ್ಟಿ ಕಟ್ಟುತ್ತಾರೆ. ಮೊದಲೇ ಹೇಳಿ: "ಅಣ್ಣಾ, ಗಳಿಗಿ ಮಾಡಬ್ಯಾಡ್ರಿ, ಹ್ಯಾಂಗರಿಗೆ ಹಾಕಿ ಕೊಡ್ರಿ." ಹ್ಯಾಂಗರ್ ನೀವೇ ಒಯ್ದು ಕೊಡಿ. ಹಾಗೇ ಎತ್ತಿಕೊಂಡು ಬಂದು ಫ್ಯಾನಿನ ಕೆಳಗೆ, ಒಂದಕ್ಕೊಂದು ತಾಗದಂತೆ, ಕನಿಷ್ಠ ಎರಡು ಗಂಟೆ ತೂಗು ಹಾಕಿ. ರಾತ್ರಿಯಿಡೀ ಇದ್ದರೆ ಇನ್ನೂ ಒಳ್ಳೆಯದು.

ಆರಿದೆಯೋ ಇಲ್ಲವೋ ನೋಡಲು ಕಾಲರಿನ ಒಳಗಡೆ, ಪ್ಯಾಂಟಿನ ಸೊಂಟದ ಪಟ್ಟಿ, ಜೇಬಿನ ಅಸ್ತರು ಈ ಮೂರು ಕಡೆ ಕೈಯ ಹಿಂಭಾಗ ಒತ್ತಿ. ಬಟ್ಟೆ ಅಲ್ಲಿ ಎರಡು ಮೂರು ಪದರ ಇರುವುದರಿಂದ ತೇವ ಕೊನೆಗೆ ಬಿಡುತ್ತದೆ. ತಂಪು ಅನ್ನಿಸಿದರೆ ಇನ್ನೂ ಆರಿಲ್ಲ ಅಂತಲೇ ಲೆಕ್ಕ.

5. ಬ್ಯಾಗು ತುಂಬುವ ಕ್ರಮ

ಒಂದೇ ನಿಯಮ: ಬಟ್ಟೆ ಚೂಪಾಗಿ ಮಡಚಬಾರದು, ದುಂಡಗೆ ಬಾಗಬೇಕು. ಚೂಪು ಮಡಿಕೆಗೆ ಗೆರೆ ಬೀಳುತ್ತದೆ, ದುಂಡು ಬಾಗಿಗೆ ಬೀಳುವುದಿಲ್ಲ. ಇದಕ್ಕೆ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಒಳ್ಳೆಯ ದಾರಿ ಗಂಟು ಸುತ್ತುವುದು. ಹೋಳಿಗೆಗೆ ಕಣಕದಲ್ಲಿ ಹೂರಣ ಮುಚ್ಚುತ್ತೇವಲ್ಲ, ಅದೇ ಕೈಚಳಕ.

ಮೊದಲು ಹೂರಣ ಸಿದ್ಧ ಮಾಡಿ. ಒಳಉಡುಪು, ಸಾಕ್ಸ್, ಮೆತ್ತನೆಯ ಟೀ ಶರ್ಟು ಇವನ್ನು ಒಂದು ಬಟ್ಟೆ ಚೀಲಕ್ಕೆ ತುಂಬಿ, ತಲೆದಿಂಬಿನ ಅರ್ಧದಷ್ಟು ಗಾತ್ರಕ್ಕೆ ಬರಲಿ. ಗಟ್ಟಿ ವಸ್ತು ಇದರೊಳಗೆ ಬೇಡ.

ಮಂಚದ ಮೇಲೆ ಹಳೆಯ ಪಂಚೆ ಹಾಸಿ. ಅದರ ಮೇಲೆ ಬೇಗ ಸುಕ್ಕಾಗುವ ಬಟ್ಟೆಯಿಂದ ಶುರು ಮಾಡಿ ಒಂದರ ಮೇಲೊಂದು ಹರಡಿ: ಮೊದಲು ಕೋಟು (ಮುಖ ಕೆಳಗೆ, ತೋಳು ಎರಡೂ ಪಕ್ಕಕ್ಕೆ ಚಾಚಿ), ಆಮೇಲೆ ಉದ್ದ ಕುರ್ತಾ, ಆಮೇಲೆ ಶರ್ಟುಗಳು ಒಂದು ತಲೆ ಮೇಲೆ, ಒಂದು ತಲೆ ಕೆಳಗೆ, ಆಮೇಲೆ ಅಡ್ಡಡ್ಡಲಾಗಿ ಪ್ಯಾಂಟುಗಳು. ಶರ್ಟಿನ ಮೊದಲ, ಮೂರನೆಯ, ಕೊನೆಯ ಗುಂಡಿ ಹಾಕಿರಿ. ನಡುವೆ ಹೂರಣದ ಚೀಲ ಇಡಿ. ಈಗ ಮೇಲಿನ ಪ್ಯಾಂಟಿನಿಂದ ಶುರು ಮಾಡಿ ಒಂದೊಂದನ್ನೇ ಚೀಲದ ಸುತ್ತ ಮುಚ್ಚಿಕೊಂಡು ಬನ್ನಿ, ತೋಳುಗಳನ್ನು ಸುತ್ತಿ. ಕೊನೆಗೆ ಕೋಟು ಎಲ್ಲವನ್ನೂ ಅಪ್ಪಿಕೊಳ್ಳುತ್ತದೆ, ಅದರ ಮೇಲೆ ಪಂಚೆ. ಹೊರಗಿನದಕ್ಕೆ ದೊಡ್ಡ ಬಾಗು ಸಿಗುತ್ತದೆ, ಒಳಗಿನದಕ್ಕೆ ಚಿಕ್ಕದು. ಅದಕ್ಕೇ ನಾಜೂಕಿನದು ಹೊರಗೆ, ಒರಟಿನದು ಒಳಗೆ. ಹೊಸಬರು ಇದನ್ನು ತಿರುಗುಮುರುಗು ಮಾಡುತ್ತಾರೆ, ಒಳ್ಳೆಯ ಬಟ್ಟೆ "ಭದ್ರವಾಗಿರಲಿ" ಅಂತ ನಡುವೆ ಇಡುತ್ತಾರೆ.

ಗಂಟು ಎಳೆದು ಬಿಗಿಯಬೇಡಿ. ಕೈ ಒತ್ತಿದರೆ ಒಂದು ಬೆರಳು ಒಳಗೆ ಇಳಿಯುವಷ್ಟು ಸಡಿಲ ಇರಬೇಕು.

ಗಂಟಿನ ಒಂದು ಕುಂದು: ನಡುವಿನದೊಂದು ಬೇಕೆಂದರೆ ಎಲ್ಲ ಬಿಚ್ಚಬೇಕು. ಆದ್ದರಿಂದ ದಾರಿಯಲ್ಲಿ ಹಾಕುವ ಬಟ್ಟೆ ಇದಕ್ಕೆ ಸೇರಿಸಬೇಡಿ. ಜೀನ್ಸ್, ಟೀ ಶರ್ಟು, ರಾತ್ರಿ ಉಡುಪು ಇವನ್ನು ಸುರುಳಿ ಸುತ್ತಿ ಬೇರೆ ಇಡಿ. ಇಸ್ತ್ರಿ ಶರ್ಟನ್ನು ಸುರುಳಿ ಸುತ್ತಿದರೆ ಮಾತ್ರ ಅಡ್ಡ ಗೆರೆಗಳು ಗ್ಯಾರಂಟಿ.

ಸೀರೆಗೆ ಬೇರೆ ದಾರಿ. ಅಗಲವನ್ನು ಸಡಿಲವಾಗಿ ಮೂರಾಗಿ ಮಡಚಿ ಉದ್ದ ಪಟ್ಟಿ ಮಾಡಿ. ಒಂದು ಸ್ನಾನದ ಟವೆಲನ್ನು ಮೊಣಕೈ ಕೆಳಗಿನ ತೋಳಿನಷ್ಟು ದಪ್ಪ ಸುರುಳಿ ಮಾಡಿ, ಸೆರಗಿನ ಎದುರಿನ ತುದಿಯಿಂದ ಅದರ ಮೇಲೆ ಸುತ್ತುತ್ತಾ ಬನ್ನಿ. ಸೆರಗು ಹೊರಗೆ ಬರುತ್ತದೆ, ದೊಡ್ಡ ಬಾಗಿನಲ್ಲಿ. ಅಡ್ಡ ಮಡಿಕೆ ಒಂದೂ ಬೀಳುವುದಿಲ್ಲ. ಜರಿ ಇದ್ದರೆ ಇದೊಂದೇ ದಾರಿ ಅನ್ನುತ್ತೇನೆ. ಜರಿ ಎಳೆ ಒಂದೇ ಗೆರೆಯಲ್ಲಿ ಮತ್ತೆ ಮತ್ತೆ ಮಡಚಿದರೆ ಅಲ್ಲೇ ಸೀಳುತ್ತದೆ. ಮೇಲೆ ಇನ್ನೊಂದು ಪಂಚೆ ಸುತ್ತಿ. ಪಂಚೆಗೆ ಬದಲು ಪೇಪರ್ ಬಳಸಬೇಡಿ, ಮಸಿ ಹತ್ತುತ್ತದೆ.

ಗಂಟು, ಸುರುಳಿಗಳ ನಡುವೆ ತೆಳು ಪ್ಲಾಸ್ಟಿಕ್ ಕವರ್ ಹಾಕಿ. ಪ್ಲಾಸ್ಟಿಕ್ ನುಣುಪು, ಬ್ಯಾಗು ಕುಲುಕಿದಾಗ ಬಟ್ಟೆ ಸಿಕ್ಕಿಕೊಳ್ಳದೆ ಜಾರುತ್ತದೆ. ಶೂ, ತೊಳೆಯುವ ಸಾಮಾನು, ಚಕ್ಕುಲಿ ಡಬ್ಬಿ ಇವೆಲ್ಲ ಗಾಲಿಯ ಕಡೆಗೆ. ಟ್ರಾಲಿ ನಿಲ್ಲಿಸಿದಾಗ ಭಾರ ಅಡಿಯಲ್ಲಿ ಇರಬೇಕು, ಇಲ್ಲದಿದ್ದರೆ ಕುಸಿದು ಬಟ್ಟೆಯನ್ನು ಅರೆಯುತ್ತದೆ. ಬೆಲ್ಟನ್ನು ಸುತ್ತಿ ಶರ್ಟಿನ ಕಾಲರಿನೊಳಗೆ ಕೂರಿಸಿ, ಕಾಲರ್ ನಿಂತಿರುತ್ತದೆ.

ಬ್ಯಾಗಿನಲ್ಲಿ ಮುಕ್ಕಾಲು ಭಾಗ ತುಂಬಿದರೆ ಸರಿ. ಜಿಪ್ ಎಳೆಯಲು ಮೇಲೆ ಕೂರಬೇಕಾದರೆ ಎರಡು ಬಟ್ಟೆ ತೆಗೆಯಿರಿ. ಅರ್ಧ ಖಾಲಿಯಾದರೂ ತೊಂದರೆಯೇ, ಎಲ್ಲ ಜಾರಿ ಒಂದು ಮೂಲೆಗೆ ಗುಡ್ಡೆ ಬೀಳುತ್ತದೆ, ಟವೆಲ್ ತುರುಕಿ. ಗಾಳಿ ತೆಗೆಯುವ ವ್ಯಾಕ್ಯೂಮ್ ಚೀಲ ದಯವಿಟ್ಟು ಬೇಡ. ಜಾಗ ಉಳಿಯುತ್ತದೆ ನಿಜ, ಸುಕ್ಕು ಮಾತ್ರ ಅಚ್ಚು ಒತ್ತಿದ ಹಾಗೆ ಕೂರುತ್ತದೆ.

6. ಮುಂಬೈ ತನಕ

ರಾಯಚೂರಿನವರಿಗೆ ಮುಂಬೈ–ಚೆನ್ನೈ ಮುಖ್ಯ ಮಾರ್ಗವೇ ಊರ ಮೇಲೆ ಹಾದು ಹೋಗುತ್ತದೆ. ಬಳ್ಳಾರಿ, ಕೊಪ್ಪಳದವರಿಗೆ ಸುತ್ತು ಜಾಸ್ತಿ. ಹೇಗೆ ಹೋದರೂ ಬಟ್ಟೆ ಒಂದು ದಿನದ ಹತ್ತಿರ ಬ್ಯಾಗಿನಲ್ಲಿರುತ್ತದೆ. ಟ್ರಾಲಿಯನ್ನು ಸೀಟಿನ ಕೆಳಗೆ ಚಪ್ಪಟೆ ಮಲಗಿಸಿ, ಅದರ ಮೇಲೆ ಬೇರೆ ಬ್ಯಾಗು ಬೇಡ. ಮೆತ್ತನೆಯ ಬ್ಯಾಗಿಗಿಂತ ಗಟ್ಟಿ ಕವಚದ ಟ್ರಾಲಿ ಈ ಕಾರಣಕ್ಕೇ ಒಳ್ಳೆಯದು. ಸ್ಲೀಪರ್ ಬಸ್ಸಿನ ಡಿಕ್ಕಿಯಲ್ಲಾದರೆ ಕೊನೆಗೆ ಹಾಕಿಸಿ, ಮೇಲುಗಡೆ ಬರುತ್ತದೆ.

ಬಂದರಿನಲ್ಲಿ ದೊಡ್ಡ ಬ್ಯಾಗುಗಳನ್ನು ಸಿಬ್ಬಂದಿ ತೆಗೆದುಕೊಂಡು ಕ್ಯಾಬಿನ್‌ಗೆ ತಲುಪಿಸುತ್ತಾರೆ. ಅದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು. ಆ ಸಂಜೆ ತೊಡುವ ಬಟ್ಟೆ ಕೈಚೀಲದಲ್ಲೇ ಇರಲಿ, ಸುಕ್ಕಾಗದ ಜಾರ್ಜೆಟ್ಟೋ ಡೆನಿಮ್ಮೋ ಆಗಿರಲಿ. ಚಿಕ್ಕಮ್ಮನಿಗೆ ನಾನು ಮೊದಲೇ ಹೇಳಬೇಕಿದ್ದದ್ದು ಇದು.

7. ಬ್ಯಾಗು ಬಂದ ಮೊದಲ ಅರ್ಧ ಗಂಟೆ

ಬ್ಯಾಗು ಬಂದಾಗ ಎಲ್ಲರೂ ಡೆಕ್ಕಿಗೆ ಸಮುದ್ರ ನೋಡಲು ಓಡುತ್ತಾರೆ. ಅರ್ಧ ಗಂಟೆ ತಡೆಯಿರಿ. ಗಂಟು ಬಿಚ್ಚಿ, ನಾಜೂಕಿನ ಬಟ್ಟೆಯನ್ನು ಮೊದಲು ಹ್ಯಾಂಗರಿಗೆ ಹಾಕಿ. ಒಂದೊಂದನ್ನೂ ಹೆಗಲ ಹೊಲಿಗೆ ಹಿಡಿದು ಎರಡು ಸಲ ಝಾಡಿಸಿ. ಸೀರೆಯ ಸುರುಳಿಯನ್ನು ಬಿಚ್ಚಿ ದಪ್ಪ ಹ್ಯಾಂಗರಿನ ಮೇಲೆ ಇಳಿಬಿಡಿ. ಕ್ಯಾಬಿನ್ನಿನ ಕಪಾಟು ಚಿಕ್ಕದು. ತುರುಕುವ ಬದಲು ಆಯಸ್ಕಾಂತದ ಹುಕ್ ಹಾಕಿ ಗೋಡೆಗೆ ತೂಗು ಹಾಕಿ. ಪ್ಲಾಸ್ಟಿಕ್ ಕವರ್ ತೆಗೆದುಬಿಡಿ, ದಾರಿ ಮುಗಿಯಿತು. ಇಟ್ಟರೆ ತೇವ ಒಳಗೇ ಉಳಿದು ಮುಗ್ಗಲು ವಾಸನೆ ಬರುತ್ತದೆ.

ಬಾಲ್ಕನಿಯ ಕಂಬಿಗೆ ಬಟ್ಟೆ ಹಾಕಬೇಡಿ. ಹಡಗಿನ ನಿಯಮವೂ ಒಪ್ಪುವುದಿಲ್ಲ, ಗಾಳಿಗೆ ಹಾರಿಹೋಗುತ್ತದೆ, ಉಪ್ಪಿನ ತೇವವೂ ಹಿಡಿಯುತ್ತದೆ. ಈಜಿ ಬಂದ ಒದ್ದೆ ಬಟ್ಟೆ ಬಚ್ಚಲಲ್ಲೇ ಇರಲಿ.

8. ಆದರೂ ಬಿದ್ದ ಸುಕ್ಕು ತೆಗೆಯುವುದು

ಒಂದು ಲೋಟ (200 ಮಿ.ಲೀ.) ಆರ್‌ಒ ನೀರಿಗೆ ಅರ್ಧ ಟೀ ಚಮಚ ಫ್ಯಾಬ್ರಿಕ್ ಕಂಡಿಷನರ್ ಕಲಸಿ, ಅದರಿಂದ ಬಾಟಲಿ ತುಂಬಿಕೊಂಡು ಹೋಗಿ. ಹ್ಯಾಂಗರಿನಲ್ಲಿದ್ದ ಬಟ್ಟೆಗೆ ಒಂದು ಗೇಣು ದೂರದಿಂದ ತುಂತುರು ಹೊಡೆಯಿರಿ. ಮಂಜು ಕೂತ ಹಾಗೆ ಆಗಬೇಕು, ಹನಿ ಇಳಿಯಬಾರದು. ಒಂದು ಕೈ ಹೆಗಲಿಗೆ, ಇನ್ನೊಂದು ಕೈ ಅಂಚಿಗೆ ಹಿಡಿದು ನೇರ ಕೆಳಕ್ಕೆ ಮೆಲ್ಲಗೆ ಎಳೆಯಿರಿ. ಓರೆಯಾಗಿ ಎಳೆದರೆ ಬಟ್ಟೆ ವಾರೆಯಾಗುತ್ತದೆ. ಅಂಗೈಯಿಂದ ನಡುವಿನಿಂದ ಹೊರಕ್ಕೆ ತೀಡಿ. ಪೂರ್ತಿ ಆರುವ ತನಕ ತೊಡಬೇಡಿ: ತೊಟ್ಟು ಕೂತರೆ ಕೂತ ಸುಕ್ಕೇ ಬೀಳುತ್ತದೆ. ಅವಸರ ಇದ್ದರೆ ಕ್ಯಾಬಿನ್ನಿನ ಹೇರ್ ಡ್ರೈಯರ್‌ನಿಂದ ಆರಿಸಿ, ಇನ್ನೊಂದು ಕೈ ಬಟ್ಟೆ ಎಳೆದು ಹಿಡಿದಿರಲಿ.

ರೇಷ್ಮೆಗೆ ತುಂತುರು ಬೇಡ, ನೀರಿನ ಕಲೆ ನಿಲ್ಲುತ್ತದೆ. ಹತ್ತಿ ಒಡಲಿನ ಇಳಕಲ್ ಸೀರೆಯಾದರೆ ಒಡಲಿಗೆ ಮಾತ್ರ ಹೊಡೆಯಿರಿ, ರೇಷ್ಮೆ ಸೆರಗು ಬಿಡಿ. ರಯಾನ್ ಕುರ್ತಾ ಒದ್ದೆಯಾದಾಗ ನಾರು ಬಲ ಕಳೆದುಕೊಳ್ಳುತ್ತದೆ, ಅದನ್ನು ಎಳೆಯದೆ ಬರಿ ತೀಡಿ. ಯಾವುದಕ್ಕೇ ಆಗಲಿ ಮೊದಲು ಒಳ ಹೊಲಿಗೆಯ ಮೇಲೆ ಒಂದು ಹನಿ ಹಾಕಿ ನೋಡಿ.

ಬಚ್ಚಲಲ್ಲಿ ಬಿಸಿ ನೀರು ಬಿಟ್ಟು ಹಬೆಯಲ್ಲಿ ತೂಗು ಹಾಕುವ ಉಪಾಯ ಎಲ್ಲರೂ ಹೇಳುತ್ತಾರೆ. ಹಡಗಿನ ಬಚ್ಚಲಿನ ಗಾಳಿ ಎಳೆಯುವ ಯಂತ್ರ ಹಬೆಯನ್ನು ನಿಲ್ಲಲು ಬಿಡುವುದಿಲ್ಲ. ನೀರು ಪೋಲು, ಫಲ ಅಲ್ಪ. ಸ್ನಾನ ಮಾಡುವಾಗ ಹೇಗೂ ಇರುವ ಹಬೆಗೆ ರೇಷ್ಮೆ ಸೀರೆಯನ್ನು ಬಾಗಿಲ ಬಳಿ ತೂಗು ಹಾಕಿದರೆ ಅಷ್ಟಿಷ್ಟು ಸಡಿಲುತ್ತದೆ. ಊರಲ್ಲಿ ಮಾಡುವಂತೆ ಸ್ಟೀಲ್ ತಂಬಿಗೆಗೆ ಕುದಿ ನೀರು ತುಂಬಿ ತಿಕ್ಕುವುದು ಹಡಗಿನಲ್ಲಿ ಅಪಾಯ. ಒಂದು ಓಲಾಟಕ್ಕೆ ಕೈ ಸುಡುತ್ತದೆ.

ಪ್ಯಾಂಟಿಗೆ ರಾತ್ರಿ ಕೆಲಸ: ಹಾಸಿಗೆಯ ಕೆಳಗೆ ಒಣ ಟವೆಲ್ ಹಾಸಿ, ಗೆರೆ ಸರಿಯಾಗಿ ಕೂಡಿಸಿದ ಪ್ಯಾಂಟು ಇಟ್ಟು, ಮೇಲೆ ಇನ್ನೊಂದು ಟವೆಲ್ ಹಾಕಿ ಮಲಗಿ.

ಕಾಲರ್, ಗುಂಡಿಪಟ್ಟಿಗೆ ಸ್ಟ್ರೈಟ್ನರ್ ಆಗುತ್ತದೆ. ತಟ್ಟೆಗೆ ಎಣ್ಣೆ ಹತ್ತಿದ್ದರೆ ಒರೆಸಿ, ಅತಿ ಕಡಿಮೆ ಕಾವಿಗೆ ಇಟ್ಟು, ನಿಲ್ಲಿಸದೆ ಎಳೆಯಿರಿ. ಬಟ್ಟೆ ಮಿರಮಿರ ಹೊಳೆಯತೊಡಗಿದರೆ ಕಾವು ಹೆಚ್ಚಾಗಿದೆ, ಕೂಡಲೇ ಬಿಡಿ. ಪಾಲಿಯೆಸ್ಟರ್‌ನಲ್ಲಿ ಆ ಹೊಳಪು ಮತ್ತೆ ಹೋಗುವುದಿಲ್ಲ. ಕೆಲಸ ಆದ ತಕ್ಷಣ ಪ್ಲಗ್ಗಿನಿಂದ ಕಿತ್ತು, ಪೂರ್ತಿ ಆರಿದ ಮೇಲೆಯೇ ಒಳಗಿಡಿ.

ಕೋಟು, ಭಾರಿ ಸೀರೆ ಇಂಥವು ಕೆಟ್ಟಿದ್ದರೆ ಹಡಗಿನ ಲಾಂಡ್ರಿಗೆ ಕೊಡುವುದೇ ಸರಿ. ಬರಿ ಇಸ್ತ್ರಿಗೂ ಹಣ ಪಡೆದು ಮಾಡಿಕೊಡುತ್ತಾರೆ. ವಿಶೇಷ ಔತಣ ಇರುವ ದಿನ ಕೊಟ್ಟರೆ ಕೈಗೆ ಬರುವುದು ತಡ, ಹಡಗು ಹತ್ತಿದ ಸಂಜೆಯೇ ಕೊಡಿ. ಕೆಲವು ಹಡಗುಗಳಲ್ಲಿ ಪ್ರಯಾಣಿಕರೇ ಬಳಸುವ ಇಸ್ತ್ರಿ ಕೋಣೆ ಇರುತ್ತದೆ, ಹತ್ತಿದ ಕೂಡಲೇ ಸಿಬ್ಬಂದಿಯನ್ನು ವಿಚಾರಿಸಿ.

9. ಇಳಿಯುವ ಹಿಂದಿನ ರಾತ್ರಿ

ಬಹಳ ಹಡಗುಗಳಲ್ಲಿ ದೊಡ್ಡ ಬ್ಯಾಗನ್ನು ಹಿಂದಿನ ರಾತ್ರಿಯೇ ಕ್ಯಾಬಿನ್ ಹೊರಗೆ ಇಡಬೇಕು. ಬೆಳಿಗ್ಗೆ ತೊಡುವ ಬಟ್ಟೆ ಮೊದಲು ಪಕ್ಕಕ್ಕೆ ತೆಗೆದಿಟ್ಟು ಆಮೇಲೆ ತುಂಬಿ. ತೊಟ್ಟ ಬಟ್ಟೆ ಹೂರಣದ ಜಾಗಕ್ಕೆ, ತೊಡದೆ ಉಳಿದದ್ದು ಹೊರಗೆ. ಒದ್ದೆಯದು ಏನೇ ಇದ್ದರೂ ಪ್ಲಾಸ್ಟಿಕ್‌ನಲ್ಲಿ ಬೇರೆ ಕಟ್ಟಿ, ಊರು ಮುಟ್ಟಿದ ದಿನವೇ ಬಿಚ್ಚಿ ಆರಹಾಕಿ.

ಮನೆಗೆ ಬಂದ ಮೇಲೆ ಡೆಕ್ಕಿನಲ್ಲಿ ತೊಟ್ಟ ಯಾವ ಬಟ್ಟೆಯನ್ನೂ ಒಗೆಯದೆ ಇಸ್ತ್ರಿಗೆ ಕೊಡಬೇಡಿ. ಉಪ್ಪು, ಬೆವರು ಕೂತ ಬಟ್ಟೆಗೆ ಬಿಸಿ ತಾಗಿದರೆ ಕಂಕುಳು, ಕಾಲರಿನ ಹಳದಿ ಕಲೆ ಗಟ್ಟಿಯಾಗಿಬಿಡುತ್ತದೆ. ಮೊದಲು ಸಿಹಿ ನೀರಲ್ಲಿ ಅರ್ಧ ಗಂಟೆ ನೆನೆಸಿ, ಒಗೆದು, ನೆರಳಲ್ಲಿ ಒಣಗಿಸಿ, ಆಮೇಲೆ ಇಸ್ತ್ರಿ ಬಂಡಿಗೆ ಕೊಡಿ.